ನೋಟ್‌ಬುಕ್ಕಿನ ತುಂಬ ಇಂಗ್ಲಿಷು, ಬಾಯಲ್ಲಿ ಮಾತ್ರ ಒಂದೂ ಇಲ್ಲ!

ಬೆಳಗಿನ ಜಾವ ಐದು ಗಂಟೆ. ಹುಣಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಯಾವ ಹಳ್ಳಿಯಾದರೂ ಸರಿ, ಮಾರ್ಚ್ ಹತ್ತಿರ ಬಂತೆಂದರೆ ಕೋಳಿಗಿಂತ ಮೊದಲು ಎಸ್ಸೆಸ್ಸೆಲ್ಸಿ ಕೂಗುತ್ತದೆ. ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತ ಹುಡುಗಿ ಮುಂದಕ್ಕೂ ಹಿಂದಕ್ಕೂ ತೂಗುತ್ತಾ 'ಪೊಲ್ಯೂಷನ್ ಈಸ್ ಎ ಬಿಗ್ ಪ್ರಾಬ್ಲಮ್, ಪೊಲ್ಯೂಷನ್ ಈಸ್ ಎ ಬಿಗ್ ಪ್ರಾಬ್ಲಮ್' ಎಂದು ಒಂದೇ ಸಮನೆ ಉರು ಹೊಡೆಯುತ್ತಿರುತ್ತಾಳೆ. ಹಾಲು ಕರೆಯಲು ಎದ್ದ ಅಪ್ಪನಿಗೆ ಎದೆ ತುಂಬಿ ಬರುತ್ತದೆ. ಮಗಳ ಬಾಯಲ್ಲಿ ಇಂಗ್ಲಿಷು! ಚೊಂಬು ಕೆಳಗಿಟ್ಟು ಕೇಳುತ್ತಾನೆ.

'ಅದೇನ್ ಕೂಸೇ, ಪೊಲ್ಯೂಷನ್ ಅಂದ್ರೆ?'

'ಪ್ರಬಂಧ ಕಣಪ್ಪಾ. ಈ ಸಲ ಬಂದೇ ಬತ್ತದಂತೆ. ಮಾತಾಡಿಸ್ಬ್ಯಾಡ, ಮರ್ತೋಗ್ತದೆ.'

ಅಪ್ಪ ಸುಮ್ಮನೆ ಕೊಟ್ಟಿಗೆಗೆ ಹೋಗುತ್ತಾನೆ. ಮಗಳು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ನಡುವೆ ತಡೆದರೆ ಮೊದಲಿಗೇ ಹೋಗಬೇಕು, ಮಧ್ಯದಿಂದ ಹಿಡಿಯುವ ಹಾಗಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ಕೈಬಿಟ್ಟ ಹಾಗೆ.

ಇದನ್ನು ಓದಿ ನಗುವವರು ನಗಲಿ. ಆದರೆ ಆ ಹುಡುಗಿ ಸೋಮಾರಿಯಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಐದಕ್ಕೆ ಎದ್ದು ಓದುವ ಮಗುವನ್ನು ದಡ್ಡಿ ಎನ್ನುವವರಿಗೆ ಏನು ಹೇಳುವುದು? ಕಷ್ಟಕ್ಕೆ ಕೊರತೆಯಿಲ್ಲ. ಕಷ್ಟ ಬೀಳುತ್ತಿರುವ ರೀತಿಯಲ್ಲೇ ಎಲ್ಲೋ ಎಡವಟ್ಟಾಗಿದೆ.

2007-08ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾಯಿತು. ಅಂದರೆ ಆ ಮೇಲೆ ಶಾಲೆಗೆ ಸೇರಿದ ಮಗು ಹತ್ತನೇ ಕ್ಲಾಸು ದಾಟುವ ಹೊತ್ತಿಗೆ ಬರೋಬ್ಬರಿ ಹತ್ತು ವರ್ಷ ಇಂಗ್ಲಿಷು ಕಲಿತಿರುತ್ತದೆ. ಹತ್ತು ವರ್ಷ ಎಂದರೆ ಸಾಮಾನ್ಯವೇ! ಅಷ್ಟರಲ್ಲಿ ಹುಡುಗ ಟ್ರ್ಯಾಕ್ಟರು ಓಡಿಸಲು, ಹುಡುಗಿ ಇಡೀ ಮನೆಯ ಅಡಿಗೆ ಮಾಡಲು ಕಲಿತುಬಿಡುತ್ತಾರೆ. ಆದರೆ ಇಂಗ್ಲಿಷಿನಲ್ಲಿ ತಾನಾಗಿ ನಾಲ್ಕು ವಾಕ್ಯ ಬರೆ ಎಂದರೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂರುತ್ತಾರೆ.

ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿ

ಯಾವ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿಗೇ ಹೋಗಿ. ಪಕ್ಕದ ಪುಸ್ತಕದಂಗಡಿಯಲ್ಲಿ ಎದುರಿಗೇ ಕಾಣುವುದು ಗೈಡುಗಳ ರಾಶಿ. ಪಠ್ಯಪುಸ್ತಕವನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ, ಗೈಡನ್ನು ಅಪ್ಪ ದುಡ್ಡು ಕೊಟ್ಟು ತರುತ್ತಾನೆ. ದುಡ್ಡು ಕೊಟ್ಟು ತಂದದ್ದಕ್ಕೇ ಬೆಲೆ ಜಾಸ್ತಿ ಎಂಬುದು ಲೋಕರೂಢಿ. ಹಾಗಾಗಿ ಪಠ್ಯಪುಸ್ತಕ ಹೊಸದಾಗಿಯೇ ಉಳಿಯುತ್ತದೆ, ಗೈಡಿನ ರಟ್ಟು ಕಿತ್ತು ಹೋಗುತ್ತದೆ.

ಗೈಡಿನಲ್ಲಿ ಎಲ್ಲ ಇದೆ. ಪಾಠದ ಸಾರಾಂಶ, ಪ್ರಶ್ನೆ, ಉತ್ತರ, ಪತ್ರ, ಪ್ರಬಂಧ. ಕೆಲವು ಕಡೆ ಇಂಗ್ಲಿಷಿನ ಸಾಲಿನ ಕೆಳಗೆ ಅದರ ಉಚ್ಚಾರವೂ ಕನ್ನಡ ಅಕ್ಷರದಲ್ಲಿ. ಮಗು ಮಾಡಬೇಕಾದ್ದು ಇಷ್ಟೆ: ಗೈಡಿನಿಂದ ನೋಟ್‌ಬುಕ್ಕಿಗೆ ಇಳಿಸುವುದು. ಪ್ರಶ್ನೆಗೆ ಕೆಂಪು ಇಂಕು, ಉತ್ತರಕ್ಕೆ ನೀಲಿ, ಅಂಚಿಗೆ ಸ್ಕೇಲಿಟ್ಟು ಗೆರೆ. ದ್ವಿತೀಯ ಭಾಷೆಯ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗಾದರೆ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ನೋಟ್ಸು ಚೊಕ್ಕವಾಗಿದ್ದರೆ ಮೇಷ್ಟ್ರ ಸಹಿ ಬೀಳುತ್ತದೆ, ಸಹಿ ಬಿದ್ದರೆ ಮನೆಯಲ್ಲಿ ಸಮಾಧಾನ. ರಾತ್ರಿ ಎರಡು ಗಂಟೆ ಹೊತ್ತು ಕತ್ತು ಬಗ್ಗಿಸಿ ಬರೆದ ಮಗು 'ಇಂಗ್ಲಿಷು ಓದಿದೆ' ಎಂದುಕೊಂಡು ಮಲಗುತ್ತದೆ. ಓದಿದ್ದು ಕೈ, ತಲೆಯಲ್ಲ.

ಮೌಲ್ಯಮಾಪನಕ್ಕೆ ಹೋಗಿ ಬಂದ ಮೇಷ್ಟ್ರುಗಳ ಬಾಯಲ್ಲಿ ತಮಾಷೆಯ ಕಥೆಗಳಿಗೆ ಬರವಿಲ್ಲ. ಗೆಳತಿಗೆ ಬಹುಮಾನ ಬಂತೆಂದು ಅಭಿನಂದಿಸಿ ಕಾಗದ ಬರೆಯಿರಿ ಎಂದು ಪ್ರಶ್ನೆ ಕೇಳಿದರೆ, 'ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ದಯಪಾಲಿಸಬೇಕು' ಎಂಬ ಉತ್ತರ. ಕಲಿತಿದ್ದು ಅದೊಂದೇ ಕಾಗದ, ಪಾಪ. ಚಿತ್ರ ಕೊಟ್ಟು ನೋಡಿದ್ದನ್ನು ಬರೆಯಿರಿ ಎಂದರೆ ಪ್ರಶ್ನೆಯನ್ನೇ ಮೂರು ಸಲ ನಕಲು ಮಾಡಿಟ್ಟು ಬರುವವರೂ ಉಂಟು. ಒಬ್ಬ ವ್ಯಕ್ತಿಯ ಊರು, ವಯಸ್ಸು, ಉದ್ಯೋಗ ಕೊಟ್ಟು ಅವನ ಬಗ್ಗೆ ಒಂದು ಪ್ಯಾರಾ ಬರೆಯುವ ಪ್ರಶ್ನೆ ಇನ್ನೂ ಸುಲಭದ್ದು, ಎಲ್ಲ ಮಾಹಿತಿಯೂ ಕಣ್ಣ ಮುಂದಿದೆ. ಬೇಕಾದ್ದು 'ಈಸ್', 'ಹ್ಯಾಸ್', 'ವರ್ಕ್ಸ್' ಎಂಬ ಮೂರು ಕ್ರಿಯಾಪದ. ಅಲ್ಲೇ ಮುಗ್ಗರಿಸುವುದು.

ಯಾಕೆ ಅಂತೀರಾ? ಕನ್ನಡದಲ್ಲಿ 'ಅವರು ಮೇಷ್ಟ್ರು' ಎಂದರೆ ವಾಕ್ಯ ಮುಗಿಯಿತು. ಕ್ರಿಯಾಪದವೇ ಬೇಡ. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ 'ಹಿ ಟೀಚರ್' ಆಗುತ್ತದೆ. ಕನ್ನಡದಲ್ಲಿ 'ಮನೆಯಲ್ಲಿ' ಒಂದೇ ಪದ, ಇಂಗ್ಲಿಷಿನಲ್ಲಿ 'ಇನ್ ದ ಹೌಸ್' ಮೂರು. ಅದೂ ಕನ್ನಡದಲ್ಲಿ ಬಾಲವಾಗಿದ್ದದ್ದು ಇಂಗ್ಲಿಷಿನಲ್ಲಿ ತಲೆಗೆ ಬಂದು ಕೂತಿರುತ್ತದೆ! ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ಆ ನಂಬಿಕೆಯ ಮೇಲೆ ಮಗು 'ಸ್ಕೂಲ್' ಎಂಬುದನ್ನು ಎಸ್-ಕೆ-ಯು-ಎಲ್ ಎಂದು ಬರೆದರೆ ತಪ್ಪು ಮಗುವಿನದೋ, ಇಂಗ್ಲಿಷಿನದೋ? ಇವೆಲ್ಲ ದಿನಾ ಸ್ವಲ್ಪ ಸ್ವಲ್ಪ ಬಳಸಿ ಬಳಸಿ ಸರಿಹೋಗುವ ತಪ್ಪುಗಳು. ಉತ್ತರವನ್ನು ಇಡಿಯಾಗಿ ನುಂಗಿದರೆ ಇಂಥ ತಪ್ಪು ಮಾಡುವ ಅವಕಾಶವೇ ಸಿಗುವುದಿಲ್ಲ. ತಪ್ಪೇ ಮಾಡದವನಿಗೆ ತಿದ್ದುವವರಾದರೂ ಯಾರು?

ಕ್ಯಾಮೆರಾ ಬಂದ ಮೇಲೆ

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. 2024ರಲ್ಲಿ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಕೃಪೆಯೂ ಇಲ್ಲದೆ ಮೊದಲ ಪರೀಕ್ಷೆಯ ಫಲಿತಾಂಶ 66.14. ಆ ವರ್ಷ ದಕ್ಷಿಣ ಕನ್ನಡ ಜಿಲ್ಲೆ 91ರ ಮೇಲಿದ್ದರೆ ಕಲಬುರಗಿ 42ರ ಆಸುಪಾಸಿನಲ್ಲಿತ್ತು. ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಠ್ಯ, ಇಷ್ಟು ಅಂತರ.

ಈ ಅಂಕಿಗಳಿಗೆಲ್ಲ ಇಂಗ್ಲಿಷೊಂದೇ ಕಾರಣವಲ್ಲ, ಗಣಿತ ವಿಜ್ಞಾನಗಳದ್ದೂ ಪಾಲಿದೆ. ಆದರೆ ಪಕ್ಕದವನ ಪೇಪರಿನ ಆಸರೆ ತಪ್ಪಿದಾಗ ಮಕ್ಕಳ ಕೈಯಲ್ಲಿ ನಿಜವಾಗಿ ಏನು ಉಳಿದಿತ್ತು ಎಂಬುದು ಬಯಲಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. 2025ರಲ್ಲಿ ಹತ್ತನೇ ಕ್ಲಾಸು ಬರೆದ ಮಕ್ಕಳು 2020-21ರ ಕೊರೋನಾ ವರ್ಷದಲ್ಲಿ ಆರನೇ ಕ್ಲಾಸಿನಲ್ಲಿದ್ದವರು ಎಂಬುದನ್ನೂ ಮರೆಯಬಾರದು. ಸಣ್ಣ ಸಣ್ಣ ವಾಕ್ಯ ಕಟ್ಟಲು ಕಲಿಯಬೇಕಾದ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿತ್ತು.

2024ರಿಂದ ಒಂದು ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನೇನೋ ಕೊಟ್ಟರು. ಒಳ್ಳೆಯದೇ. ಆದರೆ ಒಂದನೇ ಸಲ ಓದಿದ ರೀತಿಯಲ್ಲೇ ಎರಡನೇ ಸಲವೂ ಓದಿದರೆ ಬರುವುದೇನು? ದುರ್ಬಲ ಮಕ್ಕಳಿಗೆಂದು ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಹಂಚುವುದು ವರ್ಷಾವರ್ಷದ ವಾಡಿಕೆ. ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಇಷ್ಟು ಪದ್ಯದ ಸಾಲು, ಇಷ್ಟಾದರೆ ದಡ ಸೇರಬಹುದು. ಮುಳುಗುವವನಿಗೆ ಹುಲ್ಲುಕಡ್ಡಿ ಕೊಟ್ಟವರನ್ನು ಬೈಯುವುದು ನ್ಯಾಯವಲ್ಲ. ದಡ ಸೇರಿದ ಮೇಲಿನ ಕಥೆಯೇ ಬೇರೆ.

ಆ ಕಥೆ ಜೂನ್ ತಿಂಗಳಲ್ಲಿ ಶುರುವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಎಪ್ಪತ್ತೋ ಎಂಬತ್ತೋ ಅಂಕ ತೆಗೆದು, ಊರಿನವರ ಕೈಲೆಲ್ಲ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಕಲಾ ವಿಭಾಗದಲ್ಲೋ ವಾಣಿಜ್ಯದಲ್ಲೋ ಕನ್ನಡದಲ್ಲಿ ಬರೆಯಬಹುದು, ವಿಜ್ಞಾನದ ಪಾಠ ನಡೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಮೊದಲ ದಿನ ಭೌತಶಾಸ್ತ್ರದ ಲೆಕ್ಚರರು ಬೋರ್ಡಿನ ಕಡೆ ತಿರುಗಿ ಮಾತಾಡಲು ಶುರು ಮಾಡಿದರೆ ಹಿಂದಿನ ಬೆಂಚಿನ ಹಳ್ಳಿ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. 'ವೇಗೋತ್ಕರ್ಷ' ಗೊತ್ತು, 'ಅಕ್ಸೆಲರೇಷನ್' ಗೊತ್ತಿಲ್ಲ. ಪದವೊಂದೇ ಆಗಿದ್ದರೆ ಕಲಿತುಬಿಡಬಹುದಿತ್ತು. ವಾಕ್ಯವೇ ಹಿಡಿತಕ್ಕೆ ಸಿಗುವುದಿಲ್ಲ. ಎಂಬತ್ತು ಅಂಕದ ಇಂಗ್ಲಿಷು ಅಲ್ಲಿ ಎರಡು ಕಾಸಿಗೂ ಬಾರದು, ಯಾಕೆಂದರೆ ಆ ಎಂಬತ್ತು ಅಂಕ ಸಂಪಾದಿಸಿದ್ದು ಗೈಡಿನ ಉತ್ತರಗಳೇ ಹೊರತು ಹುಡುಗಿಯಲ್ಲ.

ಆಮೇಲೆ? ಕೆಲವರು ಹಲ್ಲು ಕಚ್ಚಿ ನಿಲ್ಲುತ್ತಾರೆ. ಕೆಲವರು ಎರಡು ತಿಂಗಳಲ್ಲಿ ಕಲಾ ವಿಭಾಗಕ್ಕೆ ಬದಲಾಗುತ್ತಾರೆ. ಇನ್ನು ಕೆಲವರು 'ಓದು ಹತ್ತಲಿಲ್ಲ' ಎಂಬ ಮಾತಿನೊಂದಿಗೆ ಮನೆಗೆ ವಾಪಸ್ಸು. ಹುಡುಗನಾದರೆ ಕಾರ್ಖಾನೆಯ ಗೇಟು, ಹುಡುಗಿಯಾದರೆ ಗಾರ್ಮೆಂಟ್ಸಿನ ವ್ಯಾನು, ಇಲ್ಲವೇ ಗಂಡು ನೋಡುವ ಮಾತು. ಓದು ಹತ್ತಲಿಲ್ಲವೋ, ಓದುವ ರೀತಿಯನ್ನು ಯಾರೂ ಹೇಳಿಕೊಡಲಿಲ್ಲವೋ, ವಿಚಾರಿಸುವವರಿಲ್ಲ.

ಮೈಸೂರಿನಲ್ಲೇ ಫೇಲಾದವರು

ಇಂಗ್ಲಿಷಿನಲ್ಲಿ ಫೇಲಾದವರೆಲ್ಲ ದಡ್ಡರು ಎನ್ನುವವರು ಮೈಸೂರಿನದೇ ಒಂದು ಹಳೆಯ ಸಂಗತಿ ಕೇಳಬೇಕು. ಮಹಾರಾಜ ಹೈಸ್ಕೂಲಿನ ಹೆಡ್‌ಮಾಸ್ಟರ್ ಒಬ್ಬರ ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ. ಹೋಗಿದ್ದೂ ಯಾವುದರಲ್ಲಿ, ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲಿ ಕೂತ. ಆ ವರ್ಷ ಆತ ಗೈಡು ಓದಲಿಲ್ಲ. ಕುಕ್ಕರಹಳ್ಳಿ ಕೆರೆಯ ದಂಡೆಗೆ ಪುಸ್ತಕ ಹಿಡಿದು ಹೋದ, ಸಿಕ್ಕಿದ ಕಾದಂಬರಿ, ಕವಿತೆ, ಅಪ್ಪನ ಶಾಲೆಗೆ ಬರುತ್ತಿದ್ದ ವಿಲಾಯತಿ ಮಾಸಪತ್ರಿಕೆ ಎಲ್ಲವನ್ನೂ ಓದಿದ. 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದ. ಆತನೇ ಆರ್. ಕೆ. ನಾರಾಯಣ್. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು. ಯಾದವಗಿರಿಯ ಅವರ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹೋದವರು ಫೋಟೋ ತೆಗೆಸಿಕೊಂಡು ಬರುತ್ತಾರೆ.

ಅದೇ ನಾರಾಯಣ್ ಬರೆದ 'ಎ ಹೀರೋ' ಎಂಬ ಕಥೆಯನ್ನು ರಾಜ್ಯದ ಹತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕಕ್ಕೆ ಸೇರಿಸಲಾಯಿತು. ಮಗ ಧೈರ್ಯಶಾಲಿಯಾಗಲಿ ಎಂದು ಅಪ್ಪ ಅವನನ್ನು ಆಫೀಸು ರೂಮಿನಲ್ಲಿ ಒಬ್ಬನೇ ಮಲಗಲು ಬಿಡುವ ಕಥೆ. ಅಜ್ಜಿಯ ಪಕ್ಕ ಮಲಗುವ ಯಾವ ಹುಡುಗನಿಗಾದರೂ ಇದು ತನ್ನದೇ ಮನೆಯ ಸಂಗತಿ ಅನ್ನಿಸಬೇಕು, ಓದುತ್ತಾ ಓದುತ್ತಾ ನಗು ಬರಬೇಕು. ಆದರೆ ಮಕ್ಕಳನ್ನು ಕೇಳಿ ನೋಡಿ. ಸ್ವಾಮಿಯ ಅಪ್ಪ ಕೊಟ್ಟ ಸವಾಲು ಏನು ಎಂಬ ಪ್ರಶ್ನೆಗೆ ಎರಡು ಅಂಕದ ಉತ್ತರ ತಟ್ಟನೆ ಬರುತ್ತದೆ. ಕಥೆ ಓದಿ ನಕ್ಕೆಯಾ ಎಂದರೆ, 'ನಗೋದು ಪೋರ್ಷನ್ನಲ್ಲಿ ಇದ್ಯಾ ಸಾರ್?' ಎಂಬಂತೆ ನೋಡುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ನೋಡಿ ನಕ್ಕವರ ಮಕ್ಕಳು, ಮೊಮ್ಮಕ್ಕಳು ಇವರು!

ಒಂದು ಭಾಷೆ ಬರಬೇಕಾದರೆ ಅದರಲ್ಲಿ ಬೇಕಾದಷ್ಟು ಓದಬೇಕು, ಅರ್ಥವಾಗುವಂಥದನ್ನು ಓದಬೇಕು. ಇದು ಬರೀ ದೊಡ್ಡವರ ಉಪದೇಶವಲ್ಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ 1980ರ ಸುಮಾರಿಗೆ ಎಲಿ ಮತ್ತು ಮಂಗೂಭಾಯಿ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಹಳ್ಳಿ ಶಾಲೆಗಳ ನಾಲ್ಕು-ಐದನೇ ಕ್ಲಾಸುಗಳಿಗೆ ಸುಮಾರು 250ರಂತೆ ಚಿತ್ರವಿರುವ ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟರು. ದಿನಾ ಅರ್ಧ ಗಂಟೆಯಷ್ಟು ಹೊತ್ತು ಓದು, ಅಷ್ಟೇ. ಪಠ್ಯವನ್ನೇ ತಿದ್ದಿ ತೀಡಿದ ಶಾಲೆಗಳ ಮಕ್ಕಳಿಗಿಂತ ಈ ಮಕ್ಕಳು ಓದಿನಲ್ಲಿ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದುವರಿದರು. 1983ರಲ್ಲಿ ವರದಿ ಪ್ರಕಟವಾಯಿತು. ಅವರು ಇನ್ನೂ ಸಣ್ಣ ಮಕ್ಕಳು, ಹೈಸ್ಕೂಲಿನವರಲ್ಲ ಎಂಬ ಮಾತು ನಿಜ. ಹಾಗಿದ್ದರೂ ಹೈಸ್ಕೂಲಿನ ಲೈಬ್ರರಿ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಬೇಕೆನಿಸುತ್ತದೆ. ಅದು ಹೆಚ್ಚಾಗಿ ಇನ್‌ಸ್ಪೆಕ್ಷನ್ ದಿನ ಮಾತ್ರ ತೆರೆಯುವ ಬೀರು. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಾದ ಮೇಷ್ಟ್ರು ತಾನೇ ಏನು ಮಾಡಿಯಾರು?

ಹಳ್ಳಿಯ ಗ್ರಂಥಾಲಯಗಳ ಪರಿಸ್ಥಿತಿ ಮಾತ್ರ ಸ್ವಲ್ಪ ಸುಧಾರಿಸಿದೆ ಎನ್ನಬೇಕು. 2020ರ ನವೆಂಬರಿನಲ್ಲಿ ಪಂಚಾಯ್ತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸೇರಿಸಲು 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು, ಮುಂದೆ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರೂ ಬಂತು. ಅಲ್ಲಿ ಹೋಗಿ ಕೂತು ಒಂದು ತೆಳ್ಳನೆಯ ಇಂಗ್ಲಿಷ್ ಕಥೆ ಪುಸ್ತಕ ಮುಗಿಸಿದ ಮಗು, ಗೈಡಿನ ಹತ್ತು ಪುಟ ಉರು ಹೊಡೆದ ಮಗುವಿಗಿಂತ ಮುಂದಿರುತ್ತದೆ.

ಇನ್ನು ಬೆಂಗಳೂರಿನದೇ ಹೆಸರು ಹೊತ್ತ ಒಂದು ಪ್ರಯೋಗವಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ಊರಿನ ನಕಾಶೆ ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಈ ರೈಲು ತಪ್ಪಿದರೆ ಮುಂದಿನದು ಯಾವುದು, ಎಷ್ಟು ಹೊತ್ತಿಗೆ ತಲುಪುತ್ತದೆ? ಉತ್ತರ ಹುಡುಕುವ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಒಳಕ್ಕೆ ಇಳಿಯುತ್ತದೆ ಎಂಬುದು ಅವರ ತರ್ಕ. 'ಬೆಂಗಳೂರು ಪ್ರಾಜೆಕ್ಟ್' ಎಂದು ಅದು ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಗೊತ್ತು. ಕರ್ನಾಟಕದ ಮಕ್ಕಳಿಗೆ ಗೊತ್ತಿರುವುದು ಗೈಡು.

ಒಪ್ಪಿಸುವುದು ಎಲ್ಲಿ ಹೋಯಿತು?

ಹಾಗಾದರೆ ಬಾಯಿಪಾಠವೇ ತಪ್ಪೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಕೂಲಿಮಠಗಳಲ್ಲಿ ಹುಡುಗರು ಮಗ್ಗಿ ಓದುತ್ತಿದ್ದರು, ನಿಜ. ಆದರೆ ಓದಿದ ಮೇಲೆ ಐಗಳ ಮುಂದೆ ಕೈಕಟ್ಟಿ ನಿಂತು ಒಪ್ಪಿಸಬೇಕಿತ್ತು. ಪುಸ್ತಕ ಮುಚ್ಚಿ, ನೆನಪಿನಿಂದ ಹೇಳಬೇಕು. ತಪ್ಪಿದರೆ ಅಲ್ಲೇ ತಿದ್ದುವುದು, ನಾಳೆ ಮತ್ತೆ ಒಪ್ಪಿಸುವುದು. ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ಎಲ್ಲವೂ ಮತ್ತೆ ಮತ್ತೆ ಬರುತ್ತಿತ್ತು. ಕಾಲ ಬದಲಾದಂತೆ ಬೆತ್ತ ಹೋಯಿತು, ಹೋಗಬೇಕಾದ್ದೇ. ಅದರ ಜೊತೆಗೆ ಒಪ್ಪಿಸುವುದೂ ಹೋಯಿತು. ಉಳಿದದ್ದು ನಕಲು ಮಾಡುವುದು ಮತ್ತು ಪುಸ್ತಕ ತೆರೆದಿಟ್ಟುಕೊಂಡು ಕೂಗುವುದು.

ತೆರೆದ ಪುಸ್ತಕದ ಓದಿಗೂ ಮುಚ್ಚಿದ ಪುಸ್ತಕದ ಓದಿಗೂ ಇರುವ ವ್ಯತ್ಯಾಸವನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ. ಕಾಲೇಜು ಹುಡುಗರ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಓದಿದವರೇ ಮುಂದು: ಶೇಕಡಾ 83, ಬರೆದವರದ್ದು 71. ಒಂದು ವಾರ ಬಿಟ್ಟು ಕೇಳಿದಾಗ? ಓದಿದವರು 40ಕ್ಕೆ ಕುಸಿದಿದ್ದರು. ನೆನಪು ಮಾಡಿಕೊಂಡವರು 61ರಲ್ಲಿ ನಿಂತಿದ್ದರು.

ಜಗಲಿಯ ಮೇಲಿನ ಹುಡುಗಿಗೆ ಬೆಳಿಗ್ಗೆ ಎಲ್ಲ ಬರುತ್ತದೆ, ಪರೀಕ್ಷೆಯ ಹಾಲಿನಲ್ಲಿ ಯಾಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಕಣ್ಣಿಗೆ ಪರಿಚಯವಾದದ್ದನ್ನೇ ಮಗು ಕಲಿತದ್ದು ಎಂದು ತಿಳಿದುಕೊಳ್ಳುತ್ತದೆ. ಬಸ್ಸಿನಲ್ಲಿ ದಿನಾ ನೋಡುವ ಮುಖದ ಹಾಗೆ. ಪರಿಚಯವೇನೋ ಇದೆ, ಹೆಸರು ಕೇಳಿದರೆ ಗೊತ್ತಿಲ್ಲ.

ಇನ್ನೊಂದು ಹಾಳು ಅಭ್ಯಾಸ, ಕೂಡಿಟ್ಟು ಓದುವುದು. ಜೂನ್‌ನಿಂದ ಡಿಸೆಂಬರ್‌ವರೆಗೆ ಇಂಗ್ಲಿಷಿನ ಕಡೆ ತಲೆ ಹಾಕುವುದಿಲ್ಲ, 'ಲಾಂಗ್ವೇಜ್ ತಾನೆ, ಆಮೇಲೆ ನೋಡ್ಕಳನ' ಎಂಬ ಧೋರಣೆ. ಟ್ಯೂಷನ್ನೆಲ್ಲ ಗಣಿತ ವಿಜ್ಞಾನಕ್ಕೆ. ಜನವರಿಯಲ್ಲಿ ಮೈಮೇಲೆ ಬಂದಾಗ ರಾತ್ರಿ ಹನ್ನೊಂದರವರೆಗೆ ದೀಪ. ಮನುಷ್ಯನ ಮರೆವು ಮೊದಮೊದಲ ದಿನಗಳಲ್ಲೇ ಅತಿ ಹೆಚ್ಚು ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ರಾಗಿ ಪೈರಿಗೆ ಮೂರು ತಿಂಗಳ ನೀರನ್ನು ಒಂದೇ ದಿನ ಬಿಡುವ ರೈತ ಯಾವ ಊರಿನಲ್ಲಿದ್ದಾನೆ?

ಲೆಕ್ಕ ಹಾಕಿದರೆ ಬೇಕಾದ್ದು ಬೆಟ್ಟದಷ್ಟೇನೂ ಅಲ್ಲ. ಬಂಗಾಳದ ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಇಂಗ್ಲಿಷಿನ ಅತಿ ಬಳಕೆಯ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಪಾಲು ಅಷ್ಟರಲ್ಲೇ ನಡೆದುಹೋಗುತ್ತದೆ. ದಿನಕ್ಕೆ ಐದು ಪದ, ಶಾಲೆಯ ದಿನಗಳು 200 ಎಂದಿಟ್ಟುಕೊಂಡರೂ ವರ್ಷಕ್ಕೆ ಸಾವಿರ. ಎಂಟು ಮತ್ತು ಒಂಬತ್ತನೇ ಕ್ಲಾಸಿನಲ್ಲೇ ಪಟ್ಟಿ ಮುಗಿಯಿತು. ಆದರೆ ಪದ ಎಂದರೆ ಬರೀ ಪದವಲ್ಲ. 'ಬಾರೋ ಅಂದ್ರೆ ಸಾಲ ತಗೊಳ್ಳೋದು' ಎಂದು ಬರೆದಿಟ್ಟರೆ ಸಾಲದು, 'ಐ ಬಾರೋಡ್ ಎ ಪೆನ್' ಎಂದು ತನ್ನದೇ ಒಂದು ವಾಕ್ಯ ಮಾಡಿ, ಮರುದಿನ ನೋಡದೆ ಹೇಳಿ, ಭಾನುವಾರ ಒಂದು ಸಲ ಮತ್ತೆ ಹೇಳಬೇಕು. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಟ್ಯೂಷನ್ ಬೇಡ, ಗೈಡು ಬೇಡ, ನಲವತ್ತು ಪುಟದ ಒಂದು ಬುಕ್ಕು ಸಾಕು.

ಮೊಬೈಲಿನ ಮಾತು ಬಂದರೆ ಅಪ್ಪಂದಿರಿಗೆ ಸಿಟ್ಟು ನೆತ್ತಿಗೇರುತ್ತದೆ. ಅದೇ ಮೊಬೈಲಿನಲ್ಲಿ ಯಾವ ಪದದ ಉಚ್ಚಾರವನ್ನಾದರೂ ಕೇಳಬಹುದು. ಮುಂಚೆ ಮೇಷ್ಟ್ರು ಹೇಳಿದ್ದೇ ಉಚ್ಚಾರ, ಅವರಿಗೆ ಅವರ ಮೇಷ್ಟ್ರು ಹೇಳಿದ್ದು. ಈಗಿನ ಮಕ್ಕಳಿಗೆ ಆ ಅನುಕೂಲವಿದೆ. ಬಳಸುವವರು ಕಡಿಮೆ, ರೀಲ್ಸ್ ನೋಡುವವರು ಹೆಚ್ಚು, ಅಷ್ಟೆ.

ಕನ್ನಡವೇ ಕುಂಟಿದರೆ

2023ರಲ್ಲಿ 'ಅಸರ್' ಸಮೀಕ್ಷೆಯವರು ದೇಶದ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿದರು. ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇಕಡಾ 57.3. ಓದಿದವರಲ್ಲಿ ಅರ್ಥ ಹೇಳಬಲ್ಲವರು 73.5. ಎಲ್ಲರೂ ಈ ಅಂಕಿ ಹಿಡಿದು ಮಾತಾಡಿದರು. ಅದೇ ವರದಿಯಲ್ಲಿ ಅದಕ್ಕಿಂತ ಕಳವಳದ ಸಂಗತಿಯೊಂದಿತ್ತು: ನಾಲ್ವರಲ್ಲಿ ಒಬ್ಬರಿಗೆ ತಮ್ಮ ಪ್ರಾಂತ್ಯದ ಭಾಷೆಯಲ್ಲೇ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದಲು ಬರುವುದಿಲ್ಲ. ಓದುವ ಅಭ್ಯಾಸವೆಂಬುದು ಒಂದೇ, ಕನ್ನಡಕ್ಕೊಂದು ಇಂಗ್ಲಿಷಿಗೊಂದು ಇರುವುದಿಲ್ಲ. ಕನ್ನಡ ಪತ್ರಿಕೆಯ ಸುದ್ದಿಯೊಂದನ್ನು ಪೂರ್ತಿ ಓದದ ಹುಡುಗನಿಗೆ ಇಂಗ್ಲಿಷ್ ಓದು ಎನ್ನುವುದು ತಲೆಗೆ ಎಣ್ಣೆಯಿಲ್ಲದವನಿಗೆ ಪೇಟ ತೊಡಿಸಿದ ಹಾಗೆ.

ಕನ್ನಡಕ್ಕೂ ಇಂಗ್ಲಿಷಿಗೂ ಜಗಳ ಹಚ್ಚುವವರಿಗೆ ಇಷ್ಟೇ ನೆನಪಿಸಬೇಕು. ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಿ ಎಂದು 1981ರಲ್ಲಿ ವರದಿ ಕೊಟ್ಟ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಕುವೆಂಪು 1922ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದು, ಕನ್ನಡದಲ್ಲಿ ಬರೆಯಿರಿ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಎರಡು ಕಾಲಿನಲ್ಲೂ ಗಟ್ಟಿಯಾಗಿ ನಿಂತವರು ಅವರು.

ಇಷ್ಟೆಲ್ಲ ಹೇಳಿ ಹೊರೆಯನ್ನು ಮಗುವಿನ ತಲೆಗೇ ಕಟ್ಟುವುದೂ ಸರಿಯಲ್ಲ. ಅಭ್ಯಾಸ ಗಾಳಿಯಲ್ಲಿ ಹುಟ್ಟುವುದಿಲ್ಲ. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವಾಗ ಏಳು. ಹುಡುಗಿಯಾದರೆ ಪಾತ್ರೆ, ನೀರು, ತಮ್ಮನ ಊಟ. ಒಂದೇ ಅಂಕಣದ ಮನೆಯಲ್ಲಿ ಟಿ.ವಿ.ಯ ಧಾರಾವಾಹಿ. ಶಾಲೆಯಲ್ಲಿ ಇಂಗ್ಲಿಷಿಗೆ ಖಾಯಂ ಮೇಷ್ಟ್ರಿಲ್ಲದೆ ಅತಿಥಿ ಶಿಕ್ಷಕರು ಬಂದು ಹೋಗುವ ಕಡೆಗಳೂ ಉಂಟು. ಒಂದು ಕ್ಲಾಸಿನಲ್ಲಿ ಅರವತ್ತು ಮಕ್ಕಳಿದ್ದರೆ ಪ್ರತಿಯೊಬ್ಬರೂ ಒಪ್ಪಿಸುವುದು ಯಾರ ಮುಂದೆ?

ಇದಕ್ಕೆ ಉಪಾಯ ಕಂಡುಕೊಂಡ ಮೇಷ್ಟ್ರುಗಳು ಇಲ್ಲದಿಲ್ಲ. ಇಬ್ಬಿಬ್ಬರು ಮಕ್ಕಳನ್ನು ಜೋಡಿ ಮಾಡಿ, ಮಧ್ಯಾಹ್ನದ ಊಟದ ಬೆಲ್ಲಿಗೆ ಮುಂಚೆ ಹತ್ತು ನಿಮಿಷ ಒಬ್ಬರಿಗೊಬ್ಬರು ಒಪ್ಪಿಸುವಂತೆ ಮಾಡುವುದು ಒಂದು. ಇನ್ನೊಂದು, ಮನೆಗೆ ಹೋಗಿ ಇವತ್ತಿನ ಪಾಠದ ಕಥೆಯನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿ ಬಾ ಎನ್ನುವುದು. ಅವ್ವನಿಗೆ ಓದು ಬರದಿದ್ದರೂ ಅಡ್ಡಿಯಿಲ್ಲ. ಕಥೆಯ ಎಳೆ ತಪ್ಪಿದರೆ ಮೊದಲು ಗೊತ್ತಾಗುವುದು ಅವಳಿಗೇ. ಪಾಠವನ್ನು ನಿಜವಾಗಿ ಓದಿ ಅರ್ಥ ಮಾಡಿಕೊಳ್ಳದೆ ಕಥೆ ಹೇಳಲು ಬರುವುದಿಲ್ಲ, ಗೈಡಿನ ಎರಡು ಅಂಕದ ಉತ್ತರದಿಂದ ಅವ್ವನ ಬಾಯಿ ಮುಚ್ಚಿಸಲು ಸಾಧ್ಯವಿಲ್ಲ.

ಒಲೆಯ ಮುಂದೆ ಮುದ್ದೆ ತಿರುವುತ್ತಿರುವ ಅವ್ವ. ಹೊಸ್ತಿಲ ಮೇಲೆ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಕೂತ ಮಗ. ಸ್ವಾಮಿ ಎಂಬ ಹುಡುಗ ಕತ್ತಲ ಕೋಣೆಯಲ್ಲಿ ಬೆಂಚಿನ ಕೆಳಗೆ ಮುದುರಿ ಮಲಗಿದ್ದು, ಯಾವುದೋ ದೆವ್ವ ಹತ್ತಿರ ಬಂತೆಂದು ಹೆದರಿ ಅದರ ಕಾಲು ಕಚ್ಚಿಬಿಟ್ಟದ್ದು, ಎಲ್ಲವನ್ನೂ ಹೇಳುತ್ತಿದ್ದಾನೆ.

ಮುದ್ದೆ ಕೋಲು ನಿಂತಿತು. 'ದೆವ್ವಕ್ಕೆ ಕಾಲಿರ್ತದೇನ್ಲಾ?'

'ಅದು ದೆವ್ವ ಅಲ್ಲ ಕಣವ್ವಾ, ಕಳ್ಳ.'

'ಅಯ್ಯೋ! ಆಮೇಲೆ?'

'ತಡಿ,' ಎಂದು ಹುಡುಗ ಪುಸ್ತಕ ತೆಗೆದ. 'ಅಲ್ಲಿಗಂಟ ಓದಿವ್ನಿ, ಮಿಕ್ಕಿದ್ದು ಓದ್ಬುಟ್ಟು ಏಳ್ತೀನಿ.'